ಎಂಜಿನಿಯರಿಂಗ್ ಓದಿನಲ್ಲಿ ಪ್ರಶ್ನೆ ಮಾಡಿ ಯೋಚಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ಲ್ಯಾಬ್ ಮುಗಿದ ಮೇಲೆ ವಿದ್ಯಾರ್ಥಿಗಳು, ಫೋನಿನಲ್ಲಿ ಪೋಷಕರು, ಸ್ಟಾಫ್ ರೂಮಿನಲ್ಲಿ ಹೊಸ ಲೆಕ್ಚರರ್‌ಗಳು ಸುತ್ತಿ ಸುತ್ತಿ ಅವೇ ಪ್ರಶ್ನೆಗಳಿಗೆ ಬರುತ್ತಾರೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಮೊದಲಿನವು ಸುಲಭ, ಕೊನೆಯವು ಸ್ವಲ್ಪ ಆಳ. ನಿಮಗೆ ಬೇಕಾದಲ್ಲಿಂದ ಓದಿಕೊಳ್ಳಬಹುದು.

## ಮೊದಲು ಕೇಳುವವು

ಮೇಡಂ, ಕ್ರಿಟಿಕಲ್ ಥಿಂಕಿಂಗ್ ಅಂತ ಎಲ್ಲರೂ ಹೇಳ್ತಾರೆ. ಅಂದ್ರೆ ತಪ್ಪು ಹುಡುಕೋದಾ?

ತಪ್ಪು ಹುಡುಕುವುದು ಅದರಲ್ಲಿ ಒಂದು ಭಾಗ ಅಷ್ಟೇ. ಒಂದು ಮಾತೋ, ಒಂದು ಸಂಖ್ಯೆಯೋ, ಒಂದು ಡ್ರಾಯಿಂಗೋ ಎದುರಿಗೆ ಬಂದಾಗ ಎರಡು ಪ್ರಶ್ನೆ ಹಾಕಿಕೊಳ್ಳಬೇಕು. ಇದು ಸರಿ ಅಂತ ಹೇಗೆ ಗೊತ್ತು? ಒಂದು ವೇಳೆ ಇದು ತಪ್ಪಾಗಿದ್ದರೆ ನನ್ನ ಕಣ್ಣಿಗೆ ಏನು ಕಾಣಬೇಕಿತ್ತು? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ, ಕೆಲಸ ಆಗುವುದು ಅದರಿಂದಲೇ.

ಬೇಲೂರಿನ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ದೀಪಸ್ತಂಭವನ್ನು ನೋಡಿರುತ್ತೀರಿ. ಅದು ಪಾಯವಿಲ್ಲದೆ ನಿಂತಿದೆ, ಒಂದು ಕಡೆ ಅಡಿಯಲ್ಲಿ ಕಾಗದ ತೂರಿಸಬಹುದು, ಹಾಗಾಗಿ ಗುರುತ್ವವನ್ನೇ ಮೀರಿದೆ ಎನ್ನುವ ವಿಡಿಯೋಗಳು ಫೋನಿಗೆ ಬರುತ್ತಲೇ ಇರುತ್ತವೆ. ಈಗ ಪ್ರಶ್ನೆ ಹಾಕಿ. ಒಂದು ಕಡೆ ಸಂದು ಇದ್ದರೆ ಉಳಿದ ಕಡೆ ಕಲ್ಲು ಕಲ್ಲಿಗೆ ತಾಗಿರಲೇಬೇಕು. ತಾಗಿರುವ ಜಾಗಗಳನ್ನು ಸೇರಿಸಿ ಸುತ್ತ ಒಂದು ಗೆರೆ ಎಳೆಯಿರಿ. ಕಂಬದ ಭಾರಕೇಂದ್ರದಿಂದ ಬಿಟ್ಟ ತೂಗುಗುಂಡು ಆ ಗೆರೆಯ ಒಳಗೆ ಬಿದ್ದರೆ ಕಂಬ ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ಗುರುತ್ವವನ್ನು ಮೀರಿಲ್ಲ, ಅದರ ಬಲದಿಂದಲೇ ನಿಂತಿದೆ. ಇಷ್ಟು ಗೊತ್ತಾದ ಮೇಲೆ ಅದನ್ನು ನಿಲ್ಲಿಸಿದ ವಿಜಯನಗರ ಕಾಲದ ಶಿಲ್ಪಿಗಳ ಮೇಲಿನ ಗೌರವ ಜಾಸ್ತಿಯೇ ಆಗುತ್ತದೆ. ಅಷ್ಟು ಭಾರದ ಕಲ್ಲನ್ನು ಅಷ್ಟು ನೆಟ್ಟಗೆ ನಿಲ್ಲಿಸಿದ್ದು ಹೇಗೆ ಎನ್ನುವ ನಿಜವಾದ ಪ್ರಶ್ನೆ ಆಗ ಶುರುವಾಗುತ್ತದೆ. (ಪ್ರಯೋಗ ಮಾಡಬೇಕೆನಿಸಿದರೆ ಮನೆಯಲ್ಲಿ ಚಪ್ಪಡಿ ಚೂರಿನ ಮೇಲೆ ಮಾಡಿ. ಸ್ತಂಭವನ್ನು ಮುಟ್ಟಬೇಡಿ, ಅದು ಸಂರಕ್ಷಿತ ಸ್ಮಾರಕ.)

ಇದಕ್ಕೆ ಅಂತ ಬೇರೆ ಸಬ್ಜೆಕ್ಟ್ ಇದೆಯಾ? ಕೋರ್ಸ್ ಮಾಡಿದ್ರೆ ಬರುತ್ತಾ?

ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2022ರ ಸ್ಕೀಮ್‌ನಲ್ಲಿ ಮೊದಲ ವರ್ಷಕ್ಕೆ ಇನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್ ಎಂಬ ಕೋರ್ಸ್ ಇದೆ. ಒಳ್ಳೆಯದೇ. ಆದರೆ ಯೋಚನೆಗೆ ಯಾವಾಗಲೂ ಒಂದು ವಸ್ತು ಬೇಕು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಗೊತ್ತಿಲ್ಲದವರು ಬೀಮ್ ಬಗ್ಗೆ ಸರಿಯಾದ ಅನುಮಾನವನ್ನೂ ಪಡಲಾರರು. ಹಾಗಾಗಿ ನೀವು ಈಗ ಓದುತ್ತಿರುವ ಸಬ್ಜೆಕ್ಟ್‌ನಲ್ಲೇ ಶುರು ಮಾಡಿ.

ನಾನು ಹಳ್ಳಿ ಸ್ಕೂಲಲ್ಲಿ ಕನ್ನಡ ಮೀಡಿಯಂ ಓದಿದ್ದು. ಇಂಗ್ಲಿಷಲ್ಲಿ ಯೋಚನೆ ಮಾಡೋಕೆ ಬರಲ್ಲ. ನನ್ನಿಂದ ಆಗುತ್ತಾ?

ಇಂಗ್ಲಿಷಿನಲ್ಲಿ ಯೋಚಿಸಿ ಅಂತ ನಿಮಗೆ ಯಾರು ಹೇಳಿದ್ದು? ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಜಗಳವಾಡಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಬರೆಯುವ ಇಂಗ್ಲಿಷ್ ಅಭ್ಯಾಸದಿಂದ ಬರುತ್ತದೆ. ಅರ್ಥವಾಗದೆ ಇಂಗ್ಲಿಷಿನಲ್ಲಿ ಉರು ಹೊಡೆದರೆ ಯೋಚನೆಯೂ ಇಲ್ಲ, ಭಾಷೆಯೂ ಇಲ್ಲ.

ಒಂದು ಕೆಲಸ ಮಾಡಿ. ಪ್ರತಿ ಅಧ್ಯಾಯ ಮುಗಿದ ಮೇಲೆ ಅದರ ತಿರುಳನ್ನು ನಿಮ್ಮ ಅಮ್ಮನಿಗೋ ಅಜ್ಜನಿಗೋ ನಿಮ್ಮ ಮನೆಮಾತಿನಲ್ಲಿ ಹೇಳಿ. ಟಾರ್ಕ್, ವೋಲ್ಟೇಜ್, ಸ್ಟ್ರೆಸ್ ಎನ್ನುವ ಪದಗಳು ಇರಲಿ, ಅವನ್ನು ಎಲ್ಲರೂ ಹಾಗೇ ಬಳಸುತ್ತಾರೆ. ಎಲ್ಲಿ ಮಾತು ನಿಂತುಹೋಗುತ್ತದೋ ಅಲ್ಲಿ ನಿಮಗೆ ಅರ್ಥವಾಗಿಲ್ಲ. ಅಲ್ಲಿಗೆ ವಾಪಸ್ ಹೋಗಿ ಓದಿ. ಹೊಲ, ಪಂಪ್‌ಸೆಟ್, ಟ್ರಾಕ್ಟರ್ ನೋಡಿ ಬೆಳೆದವರಿಗೆ ಯಂತ್ರ ಕೆಡುವುದು ಹೇಗೆ ಎಂಬ ತಿಳಿವಳಿಕೆ ಮೊದಲೇ ಇರುತ್ತದೆ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರುವ ಮಕ್ಕಳಲ್ಲಂತೂ ಇದು ಎದ್ದು ಕಾಣುತ್ತದೆ. ಅದನ್ನು ಕಡಿಮೆ ಅಂದುಕೊಳ್ಳಬೇಡಿ.

ಮೇಡಂ, ನಮ್ಮ ಹುಡುಗ ಕ್ಲಾಸಲ್ಲಿ ಜಾಸ್ತಿ ಪ್ರಶ್ನೆ ಕೇಳ್ತಾನಂತೆ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಆದ್ರೆ ಏನ್ಮಾಡೋದು?

ನಿಮ್ಮ ಭಯ ಸುಳ್ಳಲ್ಲ. ನೂರರಲ್ಲಿ ಐವತ್ತು ಅಂಕ ಕಾಲೇಜಿನ ಕೈಯಲ್ಲೇ ಇರುವಾಗ ಯಾವ ತಂದೆತಾಯಿಗಾದರೂ ಹೀಗೆ ಅನ್ನಿಸುತ್ತದೆ. ಪ್ರಶ್ನೆಯನ್ನು ಅವಮಾನ ಅಂದುಕೊಳ್ಳುವ ಮೇಷ್ಟ್ರುಗಳು ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹುಡುಗನ ಬಾಯಿ ಮುಚ್ಚಿಸುವುದು ಅದಕ್ಕೆ ಮದ್ದಲ್ಲ. ಕೇಳುವ ರೀತಿ ಕಲಿಸಿ. “ಸರ್, ನೀವು ಬರೆದಿದ್ದು ತಪ್ಪು” ಎನ್ನುವ ಬದಲು “ಸರ್, ನನಗೆ ಈ ಸಾಲಿನವರೆಗೆ ಅರ್ಥ ಆಯ್ತು, ಮುಂದಿನ ಸಾಲಿನಲ್ಲಿ ಮೈನಸ್ ಹೇಗೆ ಬಂತು?” ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ತಾನು ಎಲ್ಲಿಯವರೆಗೆ ಬಂದೆ ಎಂದು ಮೊದಲು ಹೇಳಬೇಕು. ಇದು ನಯಕ್ಕಾಗಿ ಹೇಳಿದ ಮಾತಲ್ಲ, ಹಾಗೆ ಕೇಳುವಾಗಲೇ ಎಷ್ಟೋ ಸಲ ಉತ್ತರ ಹೊಳೆದುಬಿಡುತ್ತದೆ. ಕ್ಲಾಸಿನಲ್ಲಿ ಮುಜುಗರವಾದರೆ ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಕೇಳಲಿ.

ಪಾಸಿಂಗ್ ಪ್ಯಾಕೇಜ್ ಓದಿದ್ರೆ ಪಾಸ್ ಆಗುತ್ತೆ ಅಲ್ವಾ? ಮತ್ತೆ ಇದೆಲ್ಲ ಯಾಕೆ?

ಪಾಸ್ ಆಗಬಹುದು. ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ 35 ಬಂದರೆ ಸಾಕು, ಐದು ಮಾಡ್ಯೂಲಿನಲ್ಲಿ ಎರಡು ಚೆನ್ನಾಗಿ ಉರು ಹೊಡೆದರೆ ಅಷ್ಟು ಬರುತ್ತದೆ. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಬ್ಯಾಕ್‌ಲಾಗ್ ಹೊತ್ತು ಓಡಾಡುವ ಹುಡುಗಿಗೆ ಮೊದಲು ಪಾಸಾಗು ಅಂತಲೇ ಹೇಳುತ್ತೇನೆ. ಆದರೆ ಉಳಿದ ಮೂರು ಮಾಡ್ಯೂಲ್ ಮುಂದಿನ ಸೆಮಿಸ್ಟರಿನ ಸಬ್ಜೆಕ್ಟಿಗೆ ಪಾಯ. ನಾಲ್ಕನೇ ಸೆಮಿಸ್ಟರಿನಲ್ಲಿ “ತಲೆಗೆ ಹತ್ತುತ್ತಿಲ್ಲ” ಎನ್ನುವ ಬಹಳ ಮಕ್ಕಳಿಗೆ ತೊಂದರೆ ಶುರುವಾಗಿದ್ದು ಎರಡನೇ ಸೆಮಿಸ್ಟರಿನಲ್ಲಿ. ಇನ್ನು ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಡಿರೈವೇಶನ್ ಬರೆಸುವವರು ಕಡಿಮೆ. ನಿಮ್ಮ ಪ್ರಾಜೆಕ್ಟಿನಲ್ಲಿ ಈ ಮೋಟಾರನ್ನೇ ಯಾಕೆ ಆರಿಸಿದಿರಿ ಅಂತ ಕೇಳುತ್ತಾರೆ. ಅದಕ್ಕೆ ಪ್ಯಾಕೇಜ್ ಇಲ್ಲ.

## ದಿನದ ಓದು, ಲ್ಯಾಬ್, ಪ್ರಾಜೆಕ್ಟ್

ದಿನಾ ಮಾಡಬಹುದಾದ ಒಂದೇ ಒಂದು ಅಭ್ಯಾಸ ಹೇಳಿ ಅಂದ್ರೆ ಏನು ಹೇಳ್ತೀರಾ?

ಅಂದಾಜು ಲೆಕ್ಕ. ಪೆನ್ನು, ಒಂದು ತುಂಡು ಹಾಳೆ, ಐದು ನಿಮಿಷ ಸಾಕು.

ಗೊರೂರು ಅಣೆಕಟ್ಟಿನ ಸುದ್ದಿ ಮಳೆಗಾಲದಲ್ಲಿ ದಿನವೂ ಬರುತ್ತದೆ. ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್. ಹಾಸನ ನಗರದಲ್ಲಿ 2 ಲಕ್ಷ ಜನ ಅಂದುಕೊಳ್ಳಿ. ನಗರದ ನೀರು ಸರಬರಾಜಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು ದಿನಕ್ಕೆ 2.7 ಕೋಟಿ ಲೀಟರ್. ಭಾಗಿಸಿ ನೋಡಿ, ಒಂದೇ ಒಂದು ಟಿಎಂಸಿ ಸಾವಿರ ದಿನಕ್ಕಿಂತ ಜಾಸ್ತಿ ಬರುತ್ತದೆ, ಹತ್ತಿರ ಹತ್ತಿರ ಮೂರು ವರ್ಷ! ಹಾಗಾದರೆ ಯಾವುದೋ ಬಡಾವಣೆಗೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬಂದರೆ “ಡ್ಯಾಮ್‌ನಲ್ಲಿ ನೀರಿಲ್ಲ” ಎನ್ನುವ ಉತ್ತರ ಸಾಲದು. ಪಂಪಿನ ಶಕ್ತಿ, ಶುದ್ಧೀಕರಣ ಘಟಕ, ಪೈಪಿನ ಸೋರಿಕೆ, ಓವರ್‌ಹೆಡ್ ಟ್ಯಾಂಕು, ಕರೆಂಟು, ಇವುಗಳಲ್ಲಿ ಹುಡುಕಬೇಕು. ಎಲ್ಲಿ ನೋಡಬಾರದು ಅಂತ ಅಂದಾಜು ಲೆಕ್ಕ ಮೊದಲೇ ಹೇಳಿಬಿಡುತ್ತದೆ.

ಇನ್ನೊಂದು. 1982ರಿಂದ ನಮ್ಮೂರಿನಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಅಲ್ಲಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಮೇಲೆ ಹೋಗಲು ಸುಮಾರು 0.12 ಸೆಕೆಂಡು, ಕೆಳಗೆ ಬರಲು ಅಷ್ಟೇ. ಟಿವಿಯ ನೇರ ಪ್ರಸಾರದಲ್ಲಿ ಸ್ಟುಡಿಯೋದವರು ಕೇಳಿದ ಪ್ರಶ್ನೆ ಉಪಗ್ರಹದ ಮೂಲಕ ವರದಿಗಾರರಿಗೆ ಹೋಗಿ, ಉತ್ತರವೂ ಅದೇ ದಾರಿಯಲ್ಲಿ ಬಂದರೆ ಒಟ್ಟು ಅರ್ಧ ಸೆಕೆಂಡು. ಆದರೆ ನಮಗೆ ಕಾಣುವ ತಡ ಕೆಲವೊಮ್ಮೆ ಎರಡು ಮೂರು ಸೆಕೆಂಡು. “ಉಪಗ್ರಹ ದೂರ ಇದೆ, ಅದಕ್ಕೆ ತಡ” ಎನ್ನುವವರಿಗೆ ಉಳಿದ ಸಮಯ ಎಲ್ಲಿ ಹೋಯಿತು ಅಂತ ಕೇಳಿ. ದೃಶ್ಯವನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವ ಯಂತ್ರಗಳ ಕಡೆಗೆ ನಿಮ್ಮ ಗಮನ ಹೋಗುತ್ತದೆ.

ಲ್ಯಾಬ್‌ನಲ್ಲಿ ರೀಡಿಂಗ್ ಸರಿಯಾಗಿ ಬರಲ್ಲ. ಸೀನಿಯರ್ ರೆಕಾರ್ಡ್ ನೋಡಿ ಬರೆದ್ರೆ ಏನಾಗುತ್ತೆ?

ಸೈನ್ ಆಗುತ್ತದೆ, ಅಷ್ಟೇ. ಕಲಿಕೆ ಆಗುವುದಿಲ್ಲ. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಿದೆ. ನಾಲ್ಕು ವರ್ಷದ ಓದಿನಲ್ಲಿ ನಿಜವಾದ ವಸ್ತು ನಿಮಗೆ ಉತ್ತರ ಕೊಡುವ ಜಾಗ ಲ್ಯಾಬ್ ಒಂದೇ. ಅಲ್ಲೇ ಅದರ ಮಾತು ಕೇಳದಿದ್ದರೆ ಇನ್ನೆಲ್ಲಿ ಕೇಳುತ್ತೀರಿ?

ಕಾಂಕ್ರೀಟ್ ಕ್ಯೂಬ್ ಪರೀಕ್ಷೆ ತೆಗೆದುಕೊಳ್ಳಿ. 150 ಮಿಲಿಮೀಟರ್ ಕ್ಯೂಬ್, ಎಂ20 ಕಾಂಕ್ರೀಟ್, ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕಾದದ್ದು. ಮುಖದ ವಿಸ್ತೀರ್ಣ 22,500 ಚದರ ಮಿಲಿಮೀಟರ್, ಹಾಗಾಗಿ ಸುಮಾರು 450 ಕಿಲೋನ್ಯೂಟನ್ ತಡೆಯಬೇಕು. ಮೂರು ಕ್ಯೂಬ್ ಒಡೆದಾಗ ಮೂರು ಬೇರೆ ಬೇರೆ ಸಂಖ್ಯೆ ಬರುತ್ತವೆ. ಬರಲೇಬೇಕು. ಕಾಂಕ್ರೀಟಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 456 ಸಂಹಿತೆಯೇ ಮೂರರ ಸರಾಸರಿಯಿಂದ ಒಂದೊಂದೂ ಶೇ. 15ರವರೆಗೆ ಆಚೀಚೆ ಇರಬಹುದು ಎನ್ನುತ್ತದೆ. ಮೂರೂ ಒಂದೇ ಅಂಕಿ ಬಂದ ರೆಕಾರ್ಡ್ ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಆ ರೆಕಾರ್ಡಿನ ಮೇಲೆ.

ಒಂದು ಕ್ಯೂಬ್ ತೀರಾ ಕಡಿಮೆ ಬಂದರೆ ಅಂಕಿ ತಿದ್ದಬೇಡಿ. ಒಡೆದ ರೀತಿ ನೋಡಿ, ಓರೆಯಾಗಿ ಸೀಳಿದೆಯಾ? ಮುಖ ಸಮತಟ್ಟಾಗಿತ್ತಾ? ಒಳಗೆ ಜೇನುಗೂಡಿನ ಹಾಗೆ ಟೊಳ್ಳು ಇದೆಯಾ? ನೀರಿನಲ್ಲಿ ಎಷ್ಟು ದಿನ ಇಟ್ಟಿದ್ದರು? ಇದನ್ನು ಎರಡು ಸಾಲು ಬರೆದವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ, “ಸರಿಯಾದ” ಉತ್ತರ ಬರದಿದ್ದರೂ.

ಚಾಟ್‌ಜಿಪಿಟಿ ಎಲ್ಲಾ ಅಸೈನ್‌ಮೆಂಟ್ ಮಾಡಿಕೊಡುತ್ತೆ. ಅದನ್ನ ಬಳಸಬಾರದಾ?

ಬಳಸಿ. ಆದರೆ ಅದು ಕೊಟ್ಟ ಉತ್ತರಕ್ಕೆ ಜವಾಬ್ದಾರರು ನೀವು. ಅದು ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಲ್ಲಿ ಹೇಳುತ್ತದೆ, ಹಾಗಾಗಿ ಮಾತಿನ ಧಾಟಿ ನೋಡಿ ನಂಬಲು ಆಗುವುದಿಲ್ಲ.

ಪರೀಕ್ಷಿಸುವುದು ಹೀಗೆ. ಒಂದು ತುದಿ ಗೋಡೆಯಲ್ಲಿ ಹೂತ ಕ್ಯಾಂಟಿಲಿವರ್ ಬೀಮ್, ಇನ್ನೊಂದು ತುದಿಯಲ್ಲಿ ಭಾರ. ತುದಿ ಎಷ್ಟು ಬಾಗುತ್ತದೆ ಅಂತ ಕೇಳಿದಿರಿ, ಸೂತ್ರ ಬಂತು. ಮೊದಲು ಎರಡೂ ಬದಿಯ ಯೂನಿಟ್ ಹೊಂದುತ್ತದೆಯೇ ನೋಡಿ. ಆಮೇಲೆ ಉದ್ದವನ್ನು ಎರಡರಷ್ಟು ಮಾಡಿ, ಬಾಗುವುದು ಎಂಟರಷ್ಟಾಗಬೇಕು. ಅದೇ ಬೀಮನ್ನು ಎರಡೂ ತುದಿಯಲ್ಲಿ ಸುಮ್ಮನೆ ಆನಿಸಿಟ್ಟು ನಡುವೆ ಅದೇ ಭಾರ ಹಾಕಿದರೆ ಬಾಗುವುದು ಹದಿನಾರನೇ ಒಂದು ಭಾಗ ಆಗಬೇಕು. ಉತ್ತರ ಈ ಪರೀಕ್ಷೆಗಳಲ್ಲಿ ಬಿದ್ದರೆ ಎಸೆಯಿರಿ. ಪರೀಕ್ಷೆ ಏನು ಹಾಕಬೇಕು ಅಂತಲೇ ಗೊತ್ತಿಲ್ಲ ಅಂದರೆ ಆ ವಿಷಯವನ್ನು ಮೊದಲು ಪುಸ್ತಕದಿಂದ ಓದಬೇಕು, ಬೇರೆ ದಾರಿ ಇಲ್ಲ.

ಆನೆ ಬಂದ್ರೆ ಅಲಾರಂ ಹೊಡೆಯೋ ಪ್ರಾಜೆಕ್ಟ್ ಮಾಡ್ತಿದೀವಿ. 95 ಪರ್ಸೆಂಟ್ ಅಕ್ಯುರೆಸಿ ಬಂದಿದೆ. ಗೈಡ್ ಇನ್ನೂ ಏನೇನೋ ಕೇಳ್ತಾರೆ, ಯಾಕೆ?

ನಿಮ್ಮ ಗೈಡ್ ಒಳ್ಳೆಯವರು. ಸಕಲೇಶಪುರ, ಆಲೂರು ಕಡೆಯ ಮಕ್ಕಳು ಈ ವಿಷಯ ಆರಿಸಿಕೊಳ್ಳುವುದು ನನಗೆ ತುಂಬಾ ಇಷ್ಟ. ಕಾಫಿ ತೋಟಕ್ಕೆ ಬೆಳಗ್ಗೆ ಕೆಲಸಕ್ಕೆ ಹೋದವರು ಆನೆಗೆ ಸಿಕ್ಕಿ ಸತ್ತ ಊರುಗಳು ಅವು. ಅದಕ್ಕೇ ಈ ಪ್ರಾಜೆಕ್ಟನ್ನು ಪ್ರದರ್ಶನದ ಮಟ್ಟಕ್ಕೆ ಬಿಡಬಾರದು.

ಲೆಕ್ಕ ಹಾಕೋಣ. ಒಂದು ರಾತ್ರಿ ನಿಮ್ಮ ಕ್ಯಾಮೆರಾ ಮುಂದೆ 500 ಸಲ ಏನೋ ಅಲುಗಾಡಿತು ಅಂದುಕೊಳ್ಳಿ: ದನ, ನರಿ, ಗಾಳಿಗೆ ಕೊಂಬೆ, ಬೈಕಿನ ಬೆಳಕು. ಅದರಲ್ಲಿ ಆನೆ ಎರಡು ಸಲ. ನಿಮ್ಮ ಯಂತ್ರ ಶೇ. 95 ಸರಿ ಅಂದರೆ ಉಳಿದ 498ರಲ್ಲಿ ಶೇ. 5, ಅಂದರೆ ಸುಮಾರು 25 ಸಲ ಸುಮ್ಸುಮ್ನೆ ಕೂಗುತ್ತದೆ. ಒಟ್ಟು 27 ಕೂಗಿನಲ್ಲಿ ನಿಜ ಎರಡೇ. ಮನೆಯವರು ನಾಲ್ಕನೇ ರಾತ್ರಿ ವೈರ್ ಕಿತ್ತು ಮಲಗುತ್ತಾರೆ. ಐದನೇ ರಾತ್ರಿ ಆನೆ ಬಂದರೆ ನಿಮ್ಮ ಶೇ. 95ಕ್ಕೆ ಏನು ಬೆಲೆ?

ಅದಕ್ಕೇ ಗೈಡ್ ಕೇಳುವುದು. ಆನೆಯನ್ನು ತಪ್ಪಿಸಿಕೊಂಡಿದ್ದು ಎಷ್ಟು ಸಲ, ಸುಳ್ಳು ಕೂಗು ಎಷ್ಟು ಸಲ, ಎರಡನ್ನೂ ಬೇರೆ ಬೇರೆ ತೋರಿಸಿ. ಮಾಡೆಲ್‌ಗೆ ಕಲಿಸಿದ ಚಿತ್ರಗಳು ಹಗಲಿನವಾ, ಮಲೆನಾಡಿನ ಮಳೆ ರಾತ್ರಿಯವಾ? ಕರೆಂಟ್ ಹೋದರೆ? ಈಗಾಗಲೇ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿ ಅವು ಇರುವ ಜಾಗವನ್ನು ಜನರಿಗೆ ತಿಳಿಸುವ ವ್ಯವಸ್ಥೆ ಇದೆಯಲ್ಲ, ನಿಮ್ಮದು ಅದಕ್ಕೆ ಏನು ಸೇರಿಸುತ್ತದೆ? ತೋಟದ ಲೈನ್ ಮನೆಗಳಿಗೆ ಹೋಗಿ ಅಲ್ಲಿರುವವರನ್ನು ಮಾತಾಡಿಸಿದಿರಾ? ಬಹುಶಃ ಅವರಿಗೆ ಕೂಗುವ ಯಂತ್ರಕ್ಕಿಂತ, ಬೆಳಗ್ಗೆ ಆರಕ್ಕೆ “ಈ ದಾರಿಯಲ್ಲಿ ಹೋಗಬೇಡಿ” ಎನ್ನುವ ಒಂದು ಸಂದೇಶ ಜಾಸ್ತಿ ಬೇಕಾಗಿರಬಹುದು.

## ಪಾಠ ಮಾಡುವವರು ಕೇಳುವವು

ಸಿಲಬಸ್ ಮುಗಿಸೋಕೇ ಟೈಮ್ ಇಲ್ಲ. ಇದನ್ನೆಲ್ಲ ಎಲ್ಲಿ ಸೇರಿಸೋದು?

ಹೊಸದಾಗಿ ಗಂಟೆ ಸೇರಿಸಬೇಡಿ. ಇರುವ ಗಂಟೆಯಲ್ಲಿ ಏಳೆಂಟು ನಿಮಿಷದ ಆಕಾರ ಬದಲಿಸಿ. ಹಾರ್ವರ್ಡ್‌ನ ಭೌತಶಾಸ್ತ್ರ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದ ಶುರುವಿನಲ್ಲಿ ರೂಢಿಗೆ ತಂದ ಕ್ರಮ ಸರಳ. ಒಂದು ಪ್ರಶ್ನೆ ಹಾಕಿ, ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರ ಆರಿಸಲಿ, ಆಮೇಲೆ ಪಕ್ಕದವರನ್ನು ಒಪ್ಪಿಸಲು ನೋಡಲಿ, ಮತ್ತೆ ಉತ್ತರ ಆರಿಸಲಿ, ಕೊನೆಗೆ ನೀವು ವಿವರಿಸಿ.

ಉದಾಹರಣೆಗೆ, 40 ವ್ಯಾಟ್ ಮತ್ತು 100 ವ್ಯಾಟ್ ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಮನೆಯ ಕರೆಂಟಿಗೆ ಹಾಕಿದರೆ ಯಾವುದು ಜಾಸ್ತಿ ಉರಿಯುತ್ತದೆ? ಬಹಳ ಕೈಗಳು 100ಕ್ಕೆ ಏಳುತ್ತವೆ. ಐದು ನಿಮಿಷ ಮಾತಾಡಲು ಬಿಡಿ. ತಂತಿ ಬಲ್ಬಿನಲ್ಲಿ 40 ವ್ಯಾಟಿನದರ ಪ್ರತಿರೋಧ ಜಾಸ್ತಿ, ಎರಡರಲ್ಲೂ ಹರಿಯುವ ಕರೆಂಟ್ ಒಂದೇ, ಹಾಗಾಗಿ 40 ವ್ಯಾಟಿನದೇ ಜಾಸ್ತಿ ಬೆಳಗುತ್ತದೆ ಎನ್ನುವುದನ್ನು ಯಾರೋ ಒಬ್ಬ ಹುಡುಗಿ ಕಂಡುಕೊಂಡು ಇಡೀ ಬೆಂಚಿಗೆ ಹೇಳುತ್ತಾಳೆ. ಆಮೇಲೆ ಜೋಡಿಸಿ ತೋರಿಸಿ. ತೋರಿಸುವ ಮೊದಲು ಊಹೆ ಮಾಡಿಸುವುದೇ ಇದರ ಜೀವ. ಮೊದಲೇ ತೋರಿಸಿದರೆ ಎಲ್ಲರೂ “ನನಗೆ ಗೊತ್ತಿತ್ತು” ಎನ್ನುತ್ತಾರೆ.

ಈ ಮಾತುಕತೆ ಕನ್ನಡದಲ್ಲಿ ನಡೆಯಲಿ ಬಿಡಿ. ಇಂಗ್ಲಿಷಿನಲ್ಲೇ ಆಗಬೇಕು ಅಂದರೆ ಹಿಂದಿನ ಮೂರು ಬೆಂಚು ಮೌನವಾಗುತ್ತದೆ.

ಪ್ರಶ್ನೆಪತ್ರಿಕೆಯಲ್ಲಿ ಎಲ್1, ಎಲ್2, ಎಲ್3 ಅಂತ ಹಾಕ್ತೀವಿ. ಎಲ್4, ಎಲ್5 ಪ್ರಶ್ನೆ ಮಾಡೋದು ಹೇಗೆ?

ಈ ಹಂತಗಳು 1956ರ ಬ್ಲೂಮ್ ವರ್ಗೀಕರಣದಿಂದ ಬಂದವು, 2001ರಲ್ಲಿ ತಿದ್ದಿ ಈಗಿನ ರೂಪ ಕೊಟ್ಟರು: ನೆನಪು, ಅರ್ಥ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ. “ವಿವರಿಸಿ” ಎಂಬ ಪದ ತೆಗೆದು “ವಿಶ್ಲೇಷಿಸಿ” ಎಂದು ಹಾಕಿದ ಮಾತ್ರಕ್ಕೆ ಪ್ರಶ್ನೆ ಮೇಲಿನ ಹಂತಕ್ಕೆ ಹೋಗುವುದಿಲ್ಲ. ಉತ್ತರ ನೋಟ್ಸಿನಲ್ಲಿ ಇದ್ದಹಾಗೇ ಸಿಗುವುದಾದರೆ ಅದು ನೆನಪಿನ ಪ್ರಶ್ನೆಯೇ.

ಇಂಡಕ್ಷನ್ ಮೋಟಾರಿನ ಟಾರ್ಕ್ ಸಮೀಕರಣ ಬರೆಯಿರಿ ಎನ್ನುವ ಪ್ರಶ್ನೆಯನ್ನು ಹೀಗೆ ತಿರುಗಿಸಿ: ಅರಸೀಕೆರೆ ಹತ್ತಿರ ಒಂದು ತೆಂಗಿನ ತೋಟ. ಟ್ರಾನ್ಸ್‌ಫಾರ್ಮರ್‌ನಿಂದ 300 ಮೀಟರ್ ದೂರದಲ್ಲಿ 5 ಎಚ್‌ಪಿ ಬೋರ್‌ವೆಲ್ ಮೋಟಾರು. ಬೆಳಗ್ಗೆ ಸ್ಟಾರ್ಟ್ ಆಗುತ್ತದೆ, ಸಂಜೆ ಗೊಂಯ್ ಅಂದು ನಿಲ್ಲುತ್ತದೆ. ರೈತರು ಮೋಟಾರು ಸುಟ್ಟಿದೆ ಎನ್ನುತ್ತಾರೆ. ನೀವು ಮೊದಲು ಏನು ಅಳೆಯುತ್ತೀರಿ, ಯಾಕೆ? ಯಾವ ರೀಡಿಂಗ್ ಬಂದರೆ ರೈತರ ಮಾತು ಸರಿ, ಯಾವುದು ಬಂದರೆ ತಪ್ಪು?

ಇಲ್ಲಿಯೂ ಅದೇ ಸಮೀಕರಣ ಬೇಕು. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ವೋಲ್ಟೇಜ್ ಶೇ. 80 ಆದರೆ ಟಾರ್ಕ್ ಶೇ. 64. ನೇರ ಸ್ಟಾರ್ಟರ್‌ನಲ್ಲಿ ಶುರುವಿನ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು, ಹಾಗಾಗಿ ಉದ್ದದ ಸಣ್ಣ ಕೇಬಲ್ ಆಗಲೇ ಜಾಸ್ತಿ ವೋಲ್ಟೇಜ್ ನುಂಗುತ್ತದೆ. ಸುಟ್ಟ ಮೋಟಾರು ಬೆಳಗ್ಗೆಯೂ ಓಡಬಾರದಿತ್ತು. ಈ ಕೊನೆಯ ಒಂದು ವಾಕ್ಯ ಬರೆದ ವಿದ್ಯಾರ್ಥಿಗೆ ವಿಷಯ ಬಂದಿದೆ.

ಎನ್‌ಬಿಎ ಫೈಲಿಗೆ ಇದನ್ನ ತೋರಿಸೋದು ಹೇಗೆ?

ಎನ್‌ಬಿಎ ಅಂದರೆ ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಕಾಯಂ ಸದಸ್ಯ ಆದ ಮೇಲೆ ಪ್ರಾಬ್ಲಂ ಅನಾಲಿಸಿಸ್‌ನಂಥ ಫಲಿತಾಂಶಗಳನ್ನು ತೋರಿಸುವುದು ಎಲ್ಲ ಡಿಪಾರ್ಟ್‌ಮೆಂಟಿಗೂ ಬಂದ ಕೆಲಸ. ಫೈಲು ಮೊದಲು ಮಾಡಿ ಪಾಠ ಆಮೇಲೆ ಹೊಂದಿಸಬೇಡಿ. ಮೇಲಿನಂಥ ಒಂದು ಪ್ರಶ್ನೆ, ಅದಕ್ಕೆ ಬಂದ ಒಂದು ಒಳ್ಳೆಯ, ಒಂದು ಸಾಧಾರಣ, ಒಂದು ದುರ್ಬಲ ಉತ್ತರ, ಪ್ರತಿಯೊಂದಕ್ಕೂ ಯಾಕೆ ಅಷ್ಟು ಅಂಕ ಎಂಬ ಟಿಪ್ಪಣಿ ಇಟ್ಟರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

## ಇನ್ನೂ ಆಳಕ್ಕೆ ಹೋದವರು ಕೇಳುವವು

ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿದ್ದು ಮಳೆಯಿಂದ. ಇದರಲ್ಲಿ ಯೋಚನೆ ಮಾಡೋದೇನಿದೆ?

2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲು ಹತ್ತಿರ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಮಣ್ಣು ಕುಸಿದಾಗ ಎಲ್ಲರ ಬಾಯಲ್ಲೂ ಎರಡೇ ಉತ್ತರ ಇತ್ತು. ಒಂದು, ಮಳೆ ಜಾಸ್ತಿ. ಎರಡು, ರಸ್ತೆಗೆ ಗುಡ್ಡ ಕಡಿದಿದ್ದು. ಎರಡು ಗುಂಪೂ ಒಂದನ್ನೇ ಹಿಡಿದು ವಾದ ಮಾಡುತ್ತಿತ್ತು.

ಎಂಜಿನಿಯರ್ ಕೇಳುವುದು ಬೇರೆ. ಅದೇ ಮಳೆ ಪಕ್ಕದ ಕಡಿಯದ ಗುಡ್ಡದ ಮೇಲೂ ಬಿತ್ತು, ಅದು ಕುಸಿಯಿತಾ? ಅದೇ ಕಡಿತ ಬೇಸಿಗೆಯಲ್ಲೂ ಇತ್ತು, ಆಗ ಕುಸಿಯಿತಾ? ಹೀಗೆ ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಿ ನೋಡಿದಾಗ ಎರಡೂ ಸೇರಿ ಕೆಲಸ ಮಾಡುವ ರೀತಿ ಕಾಣುತ್ತದೆ. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಏರಿದಾಗ ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ಇಳಿಯುತ್ತದೆ. ಇಳಿಜಾರು ಕಡಿದಾದಷ್ಟೂ ಮಣ್ಣು ನಿಲ್ಲಲು ಆ ಬಲ ಜಾಸ್ತಿ ಬೇಕು. ಹಾಗಾಗಿ ಕೇಳಬೇಕಾದದ್ದು ಇವು: ಕಡಿತದ ಕೋನ ಎಷ್ಟು, ಮೇಲಿನಿಂದ ಬರುವ ನೀರಿಗೆ ಚರಂಡಿ ಎಲ್ಲಿದೆ, ತಡೆಗೋಡೆಯ ಹಿಂದಿನ ನೀರು ಹೊರಬರಲು ತೂತು ಇದೆಯಾ, ಅದು ಕಟ್ಟಿಕೊಂಡಿದೆಯಾ, ಮೊದಲು ಬಿರುಕು ಬಿಟ್ಟಿದ್ದು ಎಲ್ಲಿ? ಮಳೆಯನ್ನು ನಾವು ಕಡಿಮೆ ಮಾಡಲಾರೆವು. ಉಳಿದ ಎಲ್ಲವೂ ಎಂಜಿನಿಯರ್ ಕೈಯಲ್ಲಿವೆ. ಅದಕ್ಕೇ “ಮಳೆಯಿಂದ” ಎಂಬ ಒಂದೇ ಪದದ ಉತ್ತರವನ್ನು ನನ್ನ ಕ್ಲಾಸಿನಲ್ಲಿ ನಾನು ಒಪ್ಪುವುದಿಲ್ಲ.

ಟೆಕ್ಸ್ಟ್‌ಬುಕ್ಕಲ್ಲೇ ತಪ್ಪು ಇರುತ್ತಾ?

ಇರುತ್ತದೆ, ಅದೂ ತುಂಬಾ ಪ್ರಸಿದ್ಧ ಜಾಗದಲ್ಲಿ. ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ ಶುರುವಾದ ನಾಲ್ಕೇ ತಿಂಗಳಿಗೆ, 1940ರ ನವೆಂಬರ್ 7ರಂದು, ಗಂಟೆಗೆ ಸುಮಾರು 68 ಕಿಲೋಮೀಟರ್ ಗಾಳಿಯಲ್ಲಿ ತಿರುಚಿಕೊಂಡು ಬಿತ್ತು. ಅನುರಣನಕ್ಕೆ, ಅಂದರೆ ರೆಸೊನೆನ್ಸ್‌ಗೆ, ಉದಾಹರಣೆಯಾಗಿ ಎಷ್ಟೋ ಭೌತಶಾಸ್ತ್ರ ಪುಸ್ತಕಗಳಲ್ಲಿ ಇದೇ ಇದೆ. ಆದರೆ ಸರಳ ಅನುರಣನಕ್ಕೆ ಹೊರಗಿನಿಂದ ಲಯಬದ್ಧವಾಗಿ ತಳ್ಳುವ ಬಲ ಬೇಕು. ಅಂದು ಬೀಸುತ್ತಿದ್ದ ಗಾಳಿ ಹಾಗೆ ತಾಳ ಹಾಕುತ್ತಿರಲಿಲ್ಲ. ಸೇತುವೆಯ ತಿರುಚಾಟವೇ ಗಾಳಿಯ ಬಲವನ್ನು ಬದಲಿಸಿ, ಆ ಬಲ ಮತ್ತೆ ತಿರುಚಾಟವನ್ನು ಹೆಚ್ಚಿಸುತ್ತಾ ಹೋಯಿತು. ಇದನ್ನು ಫ್ಲಟರ್ ಎನ್ನುತ್ತಾರೆ. 1991ರಲ್ಲಿ ಬಿಲ್ಲಾ ಮತ್ತು ಸ್ಕ್ಯಾನ್ಲನ್ ಎಂಬ ಇಬ್ಬರು ಇದನ್ನು ಬಿಡಿಸಿ ಬರೆದರು. ಎಂಜಿನಿಯರುಗಳಿಗೆ ಅದಕ್ಕೂ ಮೊದಲೇ ಗೊತ್ತಿತ್ತು, ಪಠ್ಯಪುಸ್ತಕಕ್ಕೆ ತಲುಪಿರಲಿಲ್ಲ.

“ತಳ್ಳುವ ಬಲದ ಲಯ ಎಲ್ಲಿಂದ ಬಂತು?” ಎಂದು ಕೇಳಲು ದೊಡ್ಡ ಪದವಿ ಬೇಕಿಲ್ಲ. ಪಿಯುಸಿ ಮಗು ಕೇಳಬಹುದಾದ ಪ್ರಶ್ನೆ ಅದು.

ಡೇಟಾ ಸರಿ ಇದ್ರೂ ತೀರ್ಮಾನ ತಪ್ಪಾಗೋದು ಹೇಗೆ?

ಮುಂದಿಡದೆ ಬಿಟ್ಟ ಡೇಟಾದಿಂದ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಏಳು ಜನರ ಸಮೇತ ನಾಶವಾಯಿತು. ಹಿಂದಿನ ಸಂಜೆ ಎಂಜಿನಿಯರುಗಳು ಚಳಿಯಲ್ಲಿ ಓ-ರಿಂಗ್ ಎಂಬ ರಬ್ಬರ್ ಸೀಲು ಕೆಲಸ ಮಾಡದು, ಹಾರಿಸಬೇಡಿ ಅಂದಿದ್ದರು. ಆದರೆ ಸೀಲಿಗೆ ಹಾನಿಯಾದ ಹಾರಾಟಗಳನ್ನು ಮಾತ್ರ ಮುಂದಿಟ್ಟುಕೊಂಡು ನೋಡಿದರೆ ತಾಪಮಾನಕ್ಕೂ ಹಾನಿಗೂ ನಂಟು ಸರಿಯಾಗಿ ಕಾಣುವುದಿಲ್ಲ, ಬಿಸಿ ದಿನದಲ್ಲೂ ಹಾನಿಯಾಗಿತ್ತು. ಹಾನಿಯಾಗದ ಹಾರಾಟಗಳನ್ನೂ ಸೇರಿಸಿದರೆ ಚಿತ್ರ ಬೇರೆ. ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಡೆದ ನಾಲ್ಕಕ್ಕೆ ನಾಲ್ಕೂ ಹಾರಾಟದಲ್ಲಿ ಹಾನಿ. ಅದಕ್ಕಿಂತ ಬೆಚ್ಚಗಿದ್ದ ಇಪ್ಪತ್ತರಲ್ಲಿ ಮೂರರಲ್ಲಿ ಮಾತ್ರ. ಆ ಬೆಳಗ್ಗೆ ಚಳಿ ಸೊನ್ನೆಯ ಹತ್ತಿರ ಇತ್ತು.

ನಿಮ್ಮ ಪ್ರಾಜೆಕ್ಟ್ ವರದಿಯಲ್ಲೂ ಇದೇ ನಡೆಯುತ್ತದೆ. ಕೆಟ್ಟುಹೋದ ಸಲಗಳನ್ನು ಮಾತ್ರ ಅಥವಾ ಚೆನ್ನಾಗಿ ಓಡಿದ ಸಲಗಳನ್ನು ಮಾತ್ರ ಗ್ರಾಫಿಗೆ ಹಾಕುತ್ತೀರಿ. ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿ.

ಎಲ್ಲವನ್ನೂ ಅನುಮಾನಿಸ್ತಾ ಕೂತ್ರೆ ಕೆಲಸ ಆಗೋದು ಯಾವಾಗ?

ಎಲ್ಲವನ್ನೂ ಅನುಮಾನಿಸಬೇಡಿ. ಐಎಸ್ ಸಂಹಿತೆಯ ಒಂದೊಂದು ಸಂಖ್ಯೆಯ ಹಿಂದೆ ಎಷ್ಟೋ ಜನರ ಅನುಭವ ಇದೆ, ಅದನ್ನು ನಂಬಿಯೇ ಮುಂದೆ ಹೋಗಬೇಕು. ನಿಂತು ನೋಡಬೇಕಾದದ್ದು ಎಲ್ಲಿ ಅಂದರೆ, ಏನಾದರೂ ಬದಲಾದಲ್ಲಿ.

1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ಹೋಟೆಲಿನಲ್ಲಿ ತೂಗುನಡಿಗೆಗಳು (ಛಾವಣಿಯಿಂದ ಕಂಬಿಗಳಲ್ಲಿ ತೂಗಿಬಿಟ್ಟ, ಜನ ನಡೆದಾಡುವ ಸೇತುವೆಗಳು) ಕುಸಿದು 114 ಜನ ಸತ್ತರು. ಮೊದಲ ಡ್ರಾಯಿಂಗ್‌ನಲ್ಲಿ ಛಾವಣಿಯಿಂದ ಇಳಿದ ಒಂದೇ ಉದ್ದದ ಕಂಬಿ ಮೇಲಿನ ಮತ್ತು ಕೆಳಗಿನ ನಡಿಗೆ ಎರಡನ್ನೂ ಹಿಡಿಯಬೇಕಿತ್ತು. ಮಾಡಲು ಸುಲಭ ಅಂತ ಅದನ್ನು ಎರಡು ತುಂಡು ಕಂಬಿ ಮಾಡಿದರು. ಕೆಳಗಿನ ನಡಿಗೆ ಮೇಲಿನದಕ್ಕೆ ಜೋತುಬಿತ್ತು. ಮೇಲಿನ ಬೀಮಿನ ಒಂದು ನಟ್ಟಿನ ಮೇಲೆ ಬೀಳುವ ಭಾರ ಎರಡರಷ್ಟಾಯಿತು. ಹಾಳೆಯ ಮೇಲೆ ನೋಡಿದರೆ ಸಣ್ಣ ಬದಲಾವಣೆ. ಯಾರೂ ಮತ್ತೆ ಲೆಕ್ಕ ಹಾಕಲಿಲ್ಲ. ಮೊದಲ ವಿನ್ಯಾಸವೂ ಸಂಹಿತೆ ಕೇಳಿದಷ್ಟು ಬಲವಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಸೈಟಿನಲ್ಲಿ ಮೇಸ್ತ್ರಿ “ಕಂಬಿ ಹೀಗೆ ಕೊಟ್ಟರೆ ಸುಲಭ, ಮೇಡಂ” ಎಂದಾಗ ಅವರ ಅನುಭವಕ್ಕೆ ಗೌರವ ಕೊಡಿ. ಹೂಂ ಅನ್ನುವ ಮೊದಲು ಭಾರ ಯಾವ ದಾರಿಯಲ್ಲಿ ಇಳಿಯುತ್ತದೆ ಅಂತ ಬೆರಳಿಟ್ಟು ನೋಡಿ. ಮೇಲಿನವರು ಅವಸರ ಮಾಡಿದರೆ ನಿಮ್ಮ ಲೆಕ್ಕವನ್ನು ಬರೆದು, ತಾರೀಖು ಹಾಕಿ ಕೊಡಿ. ಬಾಯಿಮಾತಿನ ಅನುಮಾನ ಗಾಳಿಗೆ ಹೋಗುತ್ತದೆ.

ಡಿಪಾರ್ಟ್‌ಮೆಂಟಲ್ಲಿ ನಾನೊಬ್ಬಳೇ ಹೀಗೆ ಪಾಠ ಮಾಡಬೇಕು ಅಂತಿರೋದು. ಯಾರೂ ಜೊತೆಗಿಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ಲ್ಯಾಬ್ ಬ್ಯಾಚಿನಿಂದ. ಇಡೀ ಸೆಮಿಸ್ಟರ್ ಬದಲಿಸಲು ಹೋಗಬೇಡಿ, ಎಚ್‌ಒಡಿ ಅನುಮತಿಗೂ ಕಾಯಬೇಡಿ. ಪ್ರಯೋಗ ಶುರುವಾಗುವ ಮೊದಲು ಪ್ರತಿಯೊಬ್ಬರೂ ರೆಕಾರ್ಡಿನ ಎಡಪುಟದಲ್ಲಿ ಒಂದು ಊಹೆ ಬರೆಯಲಿ: ಉತ್ತರ ಸುಮಾರು ಎಷ್ಟು ಬರಬಹುದು, ಯಾಕೆ. ಪ್ರಯೋಗ ಮುಗಿದ ಮೇಲೆ ಅದರ ಕೆಳಗೆ ಒಂದು ಸಾಲು: ಊಹೆಗೂ ರೀಡಿಂಗಿಗೂ ಎಲ್ಲಿ ಬೇರೆಯಾಯಿತು. ಊಹೆ ತಪ್ಪಾದರೆ ಅಂಕ ಕಳೆಯುವುದಿಲ್ಲ ಅಂತ ಮೊದಲ ದಿನವೇ ಹೇಳಿ, ಹೇಳಿದ ಹಾಗೇ ನಡೆದುಕೊಳ್ಳಿ. ಇಲ್ಲದಿದ್ದರೆ ಊಹೆಯನ್ನೂ ಸೀನಿಯರ್ ರೆಕಾರ್ಡಿನಿಂದ ನಕಲು ಮಾಡುತ್ತಾರೆ. ಮೊದಲ ಕೆಲವು ವಾರ ಎಡಪುಟ ಖಾಲಿ ಅಥವಾ ನೀರಸವಾಗಿರುತ್ತದೆ, ಅದಕ್ಕೆ ಬೇಜಾರಾಗಬೇಡಿ. ಸೆಮಿಸ್ಟರ್ ಮುಗಿದಾಗ ನಾಲ್ಕೈದು ಒಳ್ಳೆಯ ಎಡಪುಟಗಳ ಫೋಟೋ ತೆಗೆದು ಪಕ್ಕದ ಲ್ಯಾಬ್ ನೋಡಿಕೊಳ್ಳುವವರಿಗೆ ತೋರಿಸಿ, ಮುಂದಿನ ಸಲ ಅವರ ಒಂದು ಬ್ಯಾಚಿನಲ್ಲೂ ಮಾಡುತ್ತೀರಾ ಅಂತ ಕೇಳಿ.